ಮುಚ್ಚಿದ್ದೆಲ್ಲ ಮಲಗಿಲ್ಲ

ಮಧ್ಯಾಹ್ನ ಉಂಡು ಬಂದು ನೋಡುತ್ತೇನೆ, ಲ್ಯಾಪ್‌ಟಾಪಿನ ಮೇಲೆ ಕೌದಿ! ಒಳಗಿನಿಂದ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿದೆ. "ಹೊರಗ ಧೂಳ ಎದ್ದೈತಿ, ಅದಕ್ಕ ಹೊಚ್ಚೀನಿ. ಹೆಂಗೂ ಮುಚ್ಚಿ ಇಟ್ಟಿದ್ದೆಲ್ಲ, ಮಲಕೊಳ್ಳಲಿ ಬಿಡು," ಅಂದಳು ಅತ್ತಿ.

ಮುಚ್ಚಿದ್ದು ನಿಜ. ದೊಡ್ಡ ಮಾನಿಟರ್ ಬಂದ ಮೇಲೆ ಆ ಪುಟ್ಟ ಪರದೆಯ ಹಂಗು ನನಗಿಲ್ಲ. ಮುಚ್ಚಿದರೂ ಸುಮ್ಮನೆ ದುಡಿಯುತ್ತಿರು ಎಂದು ಸೆಟ್ಟಿಂಗ್ಸಿನಲ್ಲಿ ತಾಕೀತು ಮಾಡಿದ್ದೇನೆ, ದುಡಿಯುತ್ತದೆ ಪಾಪ. ಆದರೆ ವಿಜಯಪುರದ ಬೇಸಿಗೆ ನೋಡಿ. ಮಣ್ಣಿನ ಮಾಳಿಗಿ ಕೆಡವಿ ಆರ್‌ಸಿಸಿ ಹಾಕಿಸಿದ ಪುಣ್ಯಕ್ಕೆ ನಡುರಾತ್ರಿಯವರೆಗೂ ನೆತ್ತಿಯ ಮೇಲೆ ಝಳ ಇಳಿಯುತ್ತಲೇ ಇರುತ್ತದೆ. ಫ್ಯಾನು ತಳದಿಂದ ಎಳೆದುಕೊಳ್ಳುವುದೂ ಅದೇ ಗಾಳಿಯನ್ನೇ. ಹಿಂದಿನ ಕೀಲಿನ ಸಂದಿಯಿಂದ ಬಿಡೋಣವೆಂದರೆ ಮುಚ್ಚಳ ಅಡ್ಡ. ಕೀಬೋರ್ಡಿನ ಮೇಲಿಂದ ಆರಬೇಕಾದ ಕಾವೂ ಒಳಗೇ. ಕೊನೆಗೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡು ಎತ್ತಿನ ಗಾಡಿಯಾಗುತ್ತದೆ.

"ಕೂಲಿಂಗ್ ಪ್ಯಾಡ್ ಒಯ್ಯರಿ ಸರ್, ಐಸ್ ಆಗತೈತಿ," ಅಂದ ಅಂಗಡಿಯ ಹುಡುಗ. ಐಸಂತೆ! 40 ಡಿಗ್ರಿಯ ಗಾಳಿಯನ್ನು ಎಷ್ಟು ಜೋರಾಗಿ ಊದಿದರೂ ಅದು 39 ಆಗುವುದಿಲ್ಲ ಅಂದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಅದಿರಲಿ, ಕೌದಿಯ ಮಾತು. ನಮ್ಮ ಮನೆಯಲ್ಲಿ ಬೆತ್ತಲೆ ಇರುವ ವಸ್ತುವೇ ಇಲ್ಲ. ಟಿವಿಗೆ ಕಸೂತಿ, ಮಿಕ್ಸರಿಗೆ ಕುಚ್ಚಿನ ಗೌನು, ರಿಮೋಟಿಗೆ ಪ್ಲಾಸ್ಟಿಕ್ಕು. ರಿಮೋಟಿನ ಗುಂಡಿ ಒತ್ತಿದರೆ ಪ್ಲಾಸ್ಟಿಕ್ಕೇ ಒತ್ತುತ್ತದೆ, ಚಾನೆಲ್ ಬದಲಾಗುವುದಿಲ್ಲ. ಈ ಕೌದಿಯನ್ನು ಹೊಲಿದವರು ನಮ್ಮ ಕಟ್ಟೆಯ ಮೇಲೇ ಕೂತಿದ್ದರು. ದುಡ್ಡಿನ ಜೊತೆ ಜೋಳವನ್ನೂ ಅಳೆದು ಕೊಟ್ಟಿದ್ದು ನೆನಪಿದೆ. ಒಳಗೆ ಅಜ್ಜನ ಧೋತರದ ಪದರ. ಮೇಲೆ ಅಜ್ಜಿಯ ಇಳಕಲ್ ಸೀರೆಯ ಸೆರಗು, ಅದರ ಕೆಂಪು ಇನ್ನೂ ಹಾಗೇ ಇದೆ. ನಡುವೆ ಒಂದು ಖಾಕಿ ತುಂಡು, ಕಿಸೆ ಸಮೇತ. ಅದು ನನ್ನ ಶಾಲೆಯ ಚಡ್ಡಿ. ಆ ಚಡ್ಡಿ ಹಳೆಯದಾಗಿರಲಿಲ್ಲ. ಮೊಣಕಾಲಿನ ಮೇಲೆ ಏರಿತ್ತು ಅನ್ನುವುದು ಅತ್ತಿಯ ವಾದ. ಚಡ್ಡಿ ಇರಬೇಕಾದದ್ದೇ ಅಲ್ಲಿ ಅನ್ನುವುದು ನನ್ನ ವಾದ. ಅವತ್ತು ಅತ್ತು ಕರೆದರೂ ಯಾರೂ ಕೇಳಲಿಲ್ಲ, ಸೂಜಿ ಮುಂದೆ ಹೋಗುತ್ತಲೇ ಇತ್ತು. ಈಗಲೂ ಮನೆಗೆ ಯಾರಾದರೂ ಬಂದರೆ ಅತ್ತಿ ಆ ಕಿಸೆಯೊಳಗೆ ಕೈ ಹಾಕಿ ತೋರಿಸುತ್ತಾಳೆ, "ಇವನದು" ಅಂತ.

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹ ಗೋಳಗುಮ್ಮಟದ ನೆಲಮಾಳಿಗೆಯಲ್ಲಿದ್ದಾನೆ. ಮುಚ್ಚಿದ ಮೇಲೂ ತಣ್ಣಗಿರುವ ಯೋಗ ಈ ಊರಲ್ಲಿ ಅವನೊಬ್ಬನಿಗೇ ಎಂದು ಕಾಣುತ್ತದೆ. ಮುಚ್ಚುವುದು, ತೆರೆಯುವುದು ಇವುಗಳ ಬಗ್ಗೆ ಏನೋ ದೊಡ್ಡ ಮಾತು ಹೊಳೆದಿತ್ತು. ಈ ಸೆಕೆಯಲ್ಲಿ ಎಲ್ಲಿ ಹೋಯಿತೋ.

ಸದ್ಯಕ್ಕೆ ಲ್ಯಾಪ್‌ಟಾಪನ್ನು ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ, ಬಿಸಿಗಾಳಿಯ ಕಿಂಡಿ ಮೇಲೆ ಬರುವ ಹಾಗೆ. ಎರಡೂ ಮಗ್ಗುಲು ಆರುವುದರಿಂದ ಗಲಾಟೆ ಕಡಿಮೆ. ನಿಂತದ್ದರ ಮೇಲೆ ಹೊದಿಕೆಯೂ ನಿಲ್ಲದು. ಆದರೆ ಗಾಳಿಗೆಂದು ಪಕ್ಕದಲ್ಲಿ ಬಿಟ್ಟ ಸಂದಿಯಲ್ಲಿ ಈಗ ಲಗ್ನಪತ್ರಿಕೆಗಳಿವೆ, ಕರೆಂಟ್ ಬಿಲ್ಲೂ ಸೇರಿದೆ. ತೆಗೆದಿಟ್ಟರೆ, "ಯಾಕ, ಲಗ್ನಕ್ಕ ಬರಾಂವ ಇಲ್ಲೇನು?" ಅನ್ನುತ್ತಾಳೆ.