ಕಾವೇರಿ ಬರುವ ಹೊತ್ತು

ನಿನ್ನೆ ರಾತ್ರಿ ಮೂರು ಗಂಟೆಗೆ ನಲ್ಲಿ ಬುಸ್ಸೆಂದಿತು. ಬಿಂದಿಗೆ ಹಿಡಿದು ಓಡಿದರೆ ಬರೀ ಗಾಳಿ! ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುವ ಕಾವೇರಿಗೆ ನಮ್ಮ ಅಡ್ಡರಸ್ತೆಯ ಕೊನೆಯ ಮೂವತ್ತು ಅಡಿ ಮಾತ್ರ ದುರ್ಗಮವೇ? ವಾರಕ್ಕೆರಡು ದಿನ ನೀರು. ಅದೂ ದೆವ್ವಗಳು ಓಡಾಡುವ ಹೊತ್ತಿಗೆ. ಎದುರುಮನೆಯವರು ಪೈಪಿಗೇ ಮೋಟಾರು ಹಚ್ಚಿ ಹೀರುತ್ತಾರೆ. ಬೆಳಗ್ಗೆ ಅದೇ ನೀರಿನಲ್ಲಿ ಕಾರು ತೊಳೆಯುತ್ತಾ, ‘ಅಯ್ಯೋ, ನಿಮಗೆ ಬರಲಿಲ್ಲವೇ?’ ಎಂದು ಕನಿಕರ ತೋರಿಸುತ್ತಾರೆ. ವಾಲ್ವ್ ತಿರುಗಿಸುವವರನ್ನು ಕೇಳಿದರೆ, ‘ಪ್ರೆಶರ್ ಇಲ್ಲ ಸರ್.’ ನನ್ನ ರಕ್ತದಲ್ಲಿ ಬೇಕಾದಷ್ಟಿದೆ, ಕೊಡಲೇ? ಟ್ಯಾಂಕರಿನವನೋ, ಹೆಣ್ಣು ಕೇಳಲು ಹೋದವರಿಗೆ ಹೇಳುವಂತೆ ‘ನೋಡೋಣ’ ಎನ್ನುತ್ತಾನೆ. ನನಗೆ ಮೂರು ದಿನದಿಂದ ಸ್ನಾನವಿಲ್ಲ. ತಿರುವಿನಲ್ಲಿ ಒಡೆದ ಪೈಪಿನಿಂದ ರಸ್ತೆಗೆ ಮಾತ್ರ ನಿತ್ಯ ಅಭ್ಯಂಜನ.