ರಕ್ತದಾನಿಗಳ ಪಟ್ಟಿ ನಮಗೆ ನೆಟ್ಟಗೆ ಬೇಕು

ಈಗಷ್ಟೇ ವಿದ್ಯಾನಗರದಿಂದ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ರಕ್ತದಾನಿಗಳ ಬಳಗದ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಹುಬ್ಬಳ್ಳಿ, ಧಾರವಾಡ, ಕುಂದಗೋಳ, ಅಣ್ಣಿಗೇರಿ ಎಂದು ಶಿಬಿರದಿಂದ ಶಿಬಿರಕ್ಕೆ ಓಡಾಡಿ, ಒಬ್ಬೊಬ್ಬರ ಒಪ್ಪಿಗೆ ಪಡೆದು, ಹೆಸರು, ಊರು, ರಕ್ತದ ಗುಂಪು, ಫೋನ್ ಸಂಖ್ಯೆ, ಕೊನೆಯ ಸಲ ರಕ್ತ ಕೊಟ್ಟ ದಿನಾಂಕ ಎಲ್ಲವನ್ನೂ ಒಂದು ತಂತ್ರಾಂಶಕ್ಕೆ ತುಂಬಿದ್ದೇವೆ. ಇವತ್ತು ಅದನ್ನು ಎಕ್ಸೆಲ್‌ಗೆ ತಂದು ಊರುವಾರು ವಿಂಗಡಿಸಬೇಕಿತ್ತು. ಎಕ್ಸ್‌ಪೋರ್ಟ್ ಗುಂಡಿ ಒತ್ತಿದರೆ ಸಿಎಸ್‌ವಿ ಕಡತವೇನೋ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಪಟ್ಟಿ) ಇಳಿಯಿತು. ತೆರೆದರೆ ಕನ್ನಡದ ಒಂದು ಹೆಸರೂ ಉಳಿದಿಲ್ಲ! ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಪುಟ್ಟ 2, ಮತ್ತೆ ಅದೇ ಅಕ್ಷರ, ಈ ಸಲ ಪುಟ್ಟ 3. ಸಾಲು ಸಾಲು ಹೀಗೆಯೇ.

ಕಾರಣ ತೀರಾ ಸಣ್ಣದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಉಳಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇದು ಯುಟಿಎಫ್-8 ಎಂದು ತಿಳಿಸುವ ಬಿಒಎಂ ಗುರುತು ಕಡತದ ಆರಂಭದಲ್ಲಿ ಇಲ್ಲದಿದ್ದರೆ, ಎಕ್ಸೆಲ್ ಆ ಮೂರನ್ನೂ ಬೇರೆ ಬೇರೆ ಅಕ್ಷರಗಳೆಂದು ಓದಿಬಿಡುವುದುಂಟು. ತಂತ್ರಾಂಶ ಬರೆದವರು ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು.

ಫೋನ್ ಸಂಖ್ಯೆಗಳ ಪಾಡು ಇನ್ನೂ ಕೆಟ್ಟದ್ದು. 91 ಸೇರಿದ ಹನ್ನೆರಡು ಅಂಕಿಯ ಮೊಬೈಲ್ ಸಂಖ್ಯೆ 9.19ಇ+11 ಎಂದು ಕಾಣುತ್ತದೆ. ಹಾಗೆಯೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಮಿಕ್ಕ ಅಂಕಿಗಳು ಹೋದವೇ. ಹುಬ್ಬಳ್ಳಿ-ಧಾರವಾಡದ ಸ್ಥಿರ ದೂರವಾಣಿಯ 0836 ಬರೀ 836 ಆಗುತ್ತದೆ, ಗದಗಿನ 08372 ತನ್ನ ಸೊನ್ನೆ ಕಳೆದುಕೊಳ್ಳುತ್ತದೆ.

ನನ್ನ ಕಣ್ಣು ಕೆಂಪಾದದ್ದು ದಿನಾಂಕದ ಕಾಲಂ ನೋಡಿ. ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು ಮೂರು ತಿಂಗಳು ಬಿಡಬೇಕು, ಹೆಂಗಸರು ನಾಲ್ಕು ತಿಂಗಳು. ತಂತ್ರಾಂಶ 03/05 ಎಂದು ಬರೆದದ್ದು ಮೇ 3. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಅದು ಮಾರ್ಚ್ 5 ಆಗುತ್ತದೆ. ಜೂನ್‌ನಲ್ಲಿ ನಾವು ಅಂದು ರಕ್ತ ಕೊಟ್ಟ ಹುಡುಗನಿಗೆ ಫೋನ್ ಮಾಡಿ ಆಸ್ಪತ್ರೆಗೆ ಕರೆಯುತ್ತೇವೆ. ಅವನು ರಕ್ತ ಕೊಟ್ಟು ಎರಡು ತಿಂಗಳೂ ಆಗಿರುವುದಿಲ್ಲ! ದಿನ 12 ದಾಟಿದ್ದರೆ ಎಕ್ಸೆಲ್ ಅದನ್ನು ದಿನಾಂಕವೆಂದೇ ಒಪ್ಪುವುದಿಲ್ಲ, ಹಾಗಾಗಿ ವಿಂಗಡಣೆಯೂ ಕೆಡುತ್ತದೆ. ರಾತ್ರಿ ಹೊತ್ತು ಬಿ ನೆಗೆಟಿವ್ ಹುಡುಕುತ್ತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತವರಿಗೆ ನಾವು ಏನು ಹೇಳೋಣ?

ಕಂಪನಿಯವರಿಗೆ ಫೋನ್ ಮಾಡಿದೆ. “ಮೇಡಂ, ಡೇಟಾ ಸರಿಯಾಗಿಯೇ ಇದೆ. ನೀವು ಎಕ್ಸೆಲ್‌ನ ಡೇಟಾ ಮೆನುವಿನಿಂದ ತೆರೆಯಿರಿ, 65001 (ಅಂದರೆ ಯುಟಿಎಫ್-8) ಆರಿಸಿಕೊಳ್ಳಿ, ಕಾಲಂಗಳನ್ನು ಟೆಕ್ಸ್ಟ್ ಮಾಡಿ” ಎಂದರು. ನಾನು ಮಾಡಬಲ್ಲೆ. ಶಿಬಿರದ ಮೇಜಿನ ಮುಂದೆ ಕೂರುವ ಬಿ.ಎ. ಎರಡನೇ ವರ್ಷದ ಹುಡುಗಿ ಡಬಲ್ ಕ್ಲಿಕ್ ಮಾಡಿಯೇ ತೆರೆಯುತ್ತಾಳೆ, ಅದು ಅವಳ ತಪ್ಪಲ್ಲ. ಅವಳಿಗೆ ನೆಟ್ಟಗೆ ತೆರೆಯುವ ಕಡತ ಕೊಡುವುದು ಹಣ ತೆಗೆದುಕೊಂಡವರ ಕೆಲಸ.

ಎಕ್ಸ್‌ಪೋರ್ಟ್ ಸುಲಭವಾದರೆ ದಾನಿಗಳ ಮಾಹಿತಿ ಸೋರಿಹೋಗುತ್ತದೆ ಎಂದು ನಮ್ಮ ಬಳಗದ ಹಿರಿಯರೊಬ್ಬರು ಅಂಜುತ್ತಾರೆ. ಅವರ ಕಾಳಜಿ ದೊಡ್ಡದು. ಆದರೆ ಕೆಟ್ಟ ಕಡತದಿಂದ ಯಾವ ಗುಟ್ಟೂ ಉಳಿಯುವುದಿಲ್ಲ, ಪರದೆಯ ಫೋಟೋ ತೆಗೆಯಲು ಒಂದು ಮೊಬೈಲ್ ಸಾಕು. ಎಕ್ಸ್‌ಪೋರ್ಟ್ ಮಾಡುವ ಅಧಿಕಾರ ಇಬ್ಬರಿಗಷ್ಟೇ ಇರಲಿ, ಯಾರು ಯಾವಾಗ ಇಳಿಸಿಕೊಂಡರು ಎಂಬುದು ದಾಖಲಾಗಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸುವುದೂ ಮಾಹಿತಿ ಸಂಗ್ರಹಿಸಿದ ನಮ್ಮಂಥವರ ಮೇಲೆಯೇ. ಹೊಣೆ ನಮ್ಮದಾದ ಮೇಲೆ ಪಟ್ಟಿಯೂ ನಮ್ಮ ಕೈಗೆ ಪೂರ್ತಿ ಸಿಗಬೇಕು.

ಕಂಪನಿಗೆ ಪತ್ರ ಬರೆದಿದ್ದೇನೆ. ಬಿಒಎಂ ಇರುವ ಸಿಎಸ್‌ವಿ ಬೇಕು. ಜೊತೆಗೆ ಫೋನ್ ಸಂಖ್ಯೆಗಳನ್ನು ಪಠ್ಯವಾಗಿಯೇ ಇಟ್ಟ, ಎಕ್ಸೆಲ್‌ನದೇ ಆದ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತ ಬೇಕು. ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಬೇಕು. ಮುಂದಿನ ಶಿಬಿರದೊಳಗೆ ಇಷ್ಟು ಮಾಡಿಕೊಡದಿದ್ದರೆ ಈ ವರ್ಷದ ನವೀಕರಣದ ಹಣ ಕಟ್ಟಬಾರದು ಎಂದು ಭಾನುವಾರದ ಸಭೆಯಲ್ಲಿ ಹೇಳುತ್ತೇನೆ. ಬಳಗದವರು ತಪ್ಪದೇ ಬನ್ನಿ.