ಮೊದಲು ಮಾತು ಮುಗಿಯಲಿ, ಆಮೇಲೆ ನಿಮ್ಮ ಉಚ್ಚಾರಣೆ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ನಿನ್ನೆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ್ದೆ. ಬೆಳಗ್ಗೆ ಎದ್ದರೆ ಅದು ನನಗಿಂತ ಮೊದಲೇ ಎದ್ದು ಕೂತಿತ್ತು. ಆದ್ದರಿಂದ ಇದರಲ್ಲಿ ಸಮತೋಲನ ಹುಡುಕುವವರು ಬೇರೆ ಯಾರ ಗೋಡೆಗಾದರೂ ಹೋಗಿಬಿಡಿ.

ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂಬುದನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ನಿನ್ನೆ ಒಂದು ಪದವಿ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಗೆ ಅತಿಥಿಯಾಗಿ ಕರೆದಿದ್ದರು. ಊರಿನ ಹೆಸರು ಬೇಡ. ರಾಜಧಾನಿಯಿಂದ ತರಬೇತುದಾರರೊಬ್ಬರು ಬಂದಿದ್ದರು. ಕೊರಳಿಗೆ ಮೈಕು, ಹಿಂದೆ ಪರದೆ, ಪರದೆಯ ಮೇಲೆ ಕೈಕಟ್ಟಿ ನಿಂತ ಅವರದೇ ಫೋಟೋ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಪರಿಚಯ ಹೇಳಬೇಕು. ಹೆಸರು, ಊರು, ಹವ್ಯಾಸ, ‘ನನ್ನ ಬಲ ಕಠಿಣ ಪರಿಶ್ರಮ’: ಎಲ್ಲರ ಬಾಯಲ್ಲೂ ಒಂದೇ ಕಂಠಪಾಠ. ಕೊನೆಯ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಮಾತ್ರ ಅದನ್ನು ಬಿಟ್ಟು, ತಮ್ಮ ಮನೆಯಲ್ಲಿ ರೇಷ್ಮೆ ಸಾಕುವುದನ್ನು ಹೇಳಲು ಹೊರಟಳು. ಮೊಟ್ಟೆ ತರುವುದರಿಂದ ಶುರು ಮಾಡಿದಳು. ‘ಯೆಗ್ಸ್’ ಎಂದಳು. ನಿಲ್ಲಿಸಿದರು. ‘ಯೆ ಅಲ್ಲ, ಎ. ಇನ್ನೊಮ್ಮೆ.’ ಸಭೆಯಲ್ಲಿ ನಗು. ತಾಯಿಯೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಎನ್ನಲು ‘ಮೈ ಮದರ್ ಓನ್ಲಿ’ ಎಂದಳು. ನಿಲ್ಲಿಸಿದರು. ‘ವಾಷೆಡ್’ ಎಂದಳು. ಮತ್ತೆ ನಿಲ್ಲಿಸಿದರು. ಅಷ್ಟಾದರೂ ನಾಲ್ಕನೆಯ ಜ್ವರದವರೆಗೆ, ಅಂದರೆ ಹುಳು ಸೊಪ್ಪು ಬಿಟ್ಟು ನಾಲ್ಕನೆಯ ಸಲ ಪೊರೆ ಕಳಚುವವರೆಗೆ, ಬಂದಳು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ಜ್ವರ ಎದ್ದ ಮೇಲೆಯೇ ಹುಳು ತನ್ನ ಜೀವಮಾನದ ಸೊಪ್ಪಿನ ಬಹುಪಾಲನ್ನು ತಿನ್ನುವುದು. ಮನೆಮಂದಿಗೆ ನಿದ್ದೆ ಇಲ್ಲದ ದಿನಗಳು ಅವು. ಕಥೆ ಈಗಷ್ಟೇ ಕಥೆಯಾಗುತ್ತಿತ್ತು. ಅಲ್ಲಿ ಒಂದು ‘ದಿ’ ಬಿಟ್ಟುಹೋಯಿತು. ಇನ್ನೊಮ್ಮೆ ಎಂದರು. ಆಕೆ ‘ಥ್ಯಾಂಕ್ಯೂ ಸರ್’ ಎಂದು ಕುಳಿತುಬಿಟ್ಟಳು.

ಮುಂದೇನಾಯಿತು ಎಂದು ಆ ಸಭಾಂಗಣದಲ್ಲಿ ಒಬ್ಬರೂ ಕೇಳಲಿಲ್ಲ. ಇದಕ್ಕೇ ನನ್ನ ಸಿಟ್ಟು. ನಮ್ಮಲ್ಲಿ ಇಂಗ್ಲಿಷ್ ಅಭ್ಯಾಸ ಎಂದರೆ ಒಬ್ಬರು ಮಾತನಾಡುವುದು, ಉಳಿದವರು ತಪಾಸಣೆ ಮಾಡುವುದು. ಕೇಳಿಸಿಕೊಳ್ಳುವ ಕೆಲಸಕ್ಕೆ ಯಾರನ್ನೂ ನೇಮಿಸಿಲ್ಲ. ಹಾಲು ಕರೆಯುವಾಗ ಪ್ರತಿ ಧಾರೆಗೂ ಚೊಂಬು ಎತ್ತಿ ಎಷ್ಟಾಯಿತು ಎಂದು ನೋಡುತ್ತಿದ್ದರೆ ಹಸು ಸೊರೆ ಬಿಡುತ್ತದೆಯೇ?

ಆಮೇಲೆ ಚಹಾ ಕುಡಿಯುವಾಗ ಆ ಮಹನೀಯರು ನನಗೆ ರೋಗನಿರ್ಣಯ ಒಪ್ಪಿಸಿದರು: ‘ಈ ಕಡೆಯ ಮಕ್ಕಳಲ್ಲಿ ಎಂಟಿಐ ತುಂಬಾ ಹೆಚ್ಚು ಮೇಡಂ.’ ಎಂಟಿಐ ಎಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಕಾಲ್ ಸೆಂಟರುಗಳ ಕಾಲದಲ್ಲಿ ಬೆಂಗಳೂರಿನ ತರಬೇತಿ ಕೊಠಡಿಗಳಲ್ಲಿ ಬೇರು ಬಿಟ್ಟ ಮಾತು. ರಕ್ತಪರೀಕ್ಷೆಯ ವರದಿಯಲ್ಲಿ ಬರುವ ಅಕ್ಷರಗಳಂತೆ ಹೇಳುತ್ತಾರೆ. ತಾಯಿಯ ಭಾಷೆಯ ಪ್ರಭಾವ ಮಗಳ ನಾಲಿಗೆಯ ಮೇಲೆ ಇರದೆ, ಪಕ್ಕದ ಮನೆಯವರ ಭಾಷೆಯದು ಇರಬೇಕಿತ್ತೇ?

ಸರಿ, ಉಚ್ಚಾರಣೆಯ ಮಾತನ್ನೇ ಆಡೋಣ. ಇದು ನನ್ನ ಹೊಟ್ಟೆಪಾಡೂ ಹೌದು, ಹುಚ್ಚೂ ಹೌದು. ಪದದ ಮೊದಲಿಗೆ ಎ, ಏ ಬಂದರೆ ನಮ್ಮ ಬಾಯಲ್ಲಿ ಮುಂದೆ ಒಂದು ಯಕಾರ ಸುಳಿಯುತ್ತದೆ. ಒ, ಓ ಬಂದರೆ ವಕಾರ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುವವರು, ‘ಒಂದು’ ಎಂದು ಬರೆದು ‘ವೊಂದು’ ಎನ್ನುವವರು ನಾವು. ಅದೇ ಅಭ್ಯಾಸ ‘ಯೆಗ್’ಗೂ ‘ಯೆಮ್ಮೆಲ್ಲೆ’ಗೂ ಹೋಗುತ್ತದೆ. ಇದರಿಂದ ಯಾರಿಗಾದರೂ ಅರ್ಥ ತಪ್ಪಿದ್ದುಂಟೇ? ‘ಯೆಗ್’ ಎಂದರೆ ಲಂಡನ್ನಿನ ಅಂಗಡಿಯವನೂ ಮೊಟ್ಟೆಯನ್ನೇ ಕೊಡುತ್ತಾನೆ.

ನಿಜಕ್ಕೂ ಅರ್ಥ ಕೆಡಿಸುವ ಜಾಗಗಳು ಬೇರೆ ಇವೆ, ಅಲ್ಲಿಗೆ ಈ ತಪಾಸಣೆಯವರ ಕಣ್ಣು ಹೋಗುವುದೇ ಇಲ್ಲ. ಮುಖ್ಯವಾದದ್ದು ಪದದ ಒತ್ತು, ಅಂದರೆ ಪದದ ಯಾವ ಭಾಗವನ್ನು ಬಲವಾಗಿ ನುಡಿಯುತ್ತೇವೆ ಎಂಬುದು. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥ ಬದಲಾಗುವುದಿಲ್ಲ. ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತನಾಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನುಂಗಿಬಿಡುತ್ತದೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ‘ಫೋಟೋಗ್ರಫಿ’ಯಲ್ಲಿ ಎರಡನೆಯದರ ಮೇಲೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದರ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಮುಂದೆ, ಕ್ರಿಯಾಪದವಾದರೆ ಹಿಂದೆ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್.ಕೆ. ಬನ್ಸಲ್ ಅಧ್ಯಯನ ಮಾಡಿದ್ದರು. 1969ರಲ್ಲಿ ಪ್ರಕಟವಾದ ಆ ಕೆಲಸದಲ್ಲೂ ತೊಡಕಿನ ಮುಖ್ಯ ಕಾರಣಗಳ ಸಾಲಿನಲ್ಲಿ ಕಾಣುವುದು ತಪ್ಪಿದ ಒತ್ತೇ. ನಿನ್ನೆಯ ತರಬೇತುದಾರರು ದಿನವಿಡೀ ‘ಡೆವಲಪ್’ ಎಂಬುದರ ಒತ್ತನ್ನು ಮೊದಲ ಅಕ್ಷರದ ಮೇಲೆ ಹಾಕುತ್ತಿದ್ದರು. ನಾನು ಎದ್ದು ನಿಲ್ಲಿಸಲಿಲ್ಲ. ನನಗೆ ಅವರ ಮಾತು ಅರ್ಥವಾಗುತ್ತಿತ್ತು.

ಬ್ರಿಟನ್ನಿನ ಭಾಷಾವಿಜ್ಞಾನಿ ಜೆನ್ನಿಫರ್ ಜೆಂಕಿನ್ಸ್ 2000ದಲ್ಲಿ ಇಂಥದ್ದೇ ಪ್ರಶ್ನೆಯನ್ನು ಇನ್ನೊಂದು ಬದಿಯಿಂದ ಕೇಳಿದರು. ಇಂಗ್ಲಿಷ್ ತಾಯ್ನುಡಿಯಲ್ಲದ ಇಬ್ಬರು ಇಂಗ್ಲಿಷಿನಲ್ಲಿ ಮಾತನಾಡುವಾಗ ಯಾವ ಧ್ವನಿ ತಪ್ಪಿದರೆ ಸಂವಾದ ಮುರಿಯುತ್ತದೆ, ಯಾವುದು ತಪ್ಪಿದರೂ ನಡೆಯುತ್ತದೆ ಎಂದು ನೋಡಿದರು. ನಾವು ನಾಲಿಗೆಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಕಲಿಯುವ ‘ಥಿಂಕ್’, ‘ದಿಸ್’ ಧ್ವನಿಗಳು ನಡೆಯುವ ಪಟ್ಟಿಗೆ ಹೋದವು. ಸ್ವರದ ಉದ್ದವೋ ಬೇಕೇ ಬೇಕಾದವುಗಳ ಪಟ್ಟಿಯಲ್ಲಿ ಉಳಿಯಿತು. ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಹ್ರಸ್ವ ದೀರ್ಘಗಳನ್ನು ನಮಗೆ ಯಾರು ಕಲಿಸಬೇಕು? ಸ್ಪೇನಿನವರು, ಇಟಲಿಯವರು ‘ಶಿಪ್’ ಮತ್ತು ‘ಶೀಪ್’ ನಡುವೆ ಒದ್ದಾಡುತ್ತಾರೆ; ನಮ್ಮ ಒಂದನೆಯ ತರಗತಿಯ ಮಗು ಕ, ಕಾ, ಕಿ, ಕೀ ಎನ್ನುತ್ತಲೇ ಆ ಹೊಳೆ ದಾಟಿರುತ್ತದೆ. ಇಂಗ್ಲಿಷಿನಲ್ಲಿ ಉದ್ದದ ಜೊತೆಗೆ ಸ್ವರದ ಗುಣವೂ ಬದಲಾಗುತ್ತದೆ, ಒಪ್ಪಿದೆ. ಆದರೂ ಅರ್ಧ ದಾರಿ ನಮಗೆ ಪುಕ್ಕಟೆ. ಈ ಎಂಟಿಐ ಬಗ್ಗೆ ಯಾವ ತರಬೇತುದಾರರಾದರೂ ಒಂದು ಸ್ಲೈಡ್ ಮಾಡಿದ್ದಾರೆಯೇ?

ಇನ್ನು ಇವರೆಲ್ಲರೂ ತಲೆಯ ಮೇಲೆ ಹೊತ್ತಿರುವ ‘ಶುದ್ಧ’ ಉಚ್ಚಾರಣೆ ಯಾರದು? ಇಂಗ್ಲೆಂಡಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ಇಂಗ್ಲಿಷ್ ಉಚ್ಚಾರಣೆಯ ನಿಘಂಟು ಹೊರತಂದಾಗ ಮಾದರಿಯಾಗಿ ಇಟ್ಟುಕೊಂಡದ್ದು, ಗಂಡುಮಕ್ಕಳನ್ನು ದೊಡ್ಡ ವಸತಿ ಶಾಲೆಗಳಿಗೆ ಕಳುಹಿಸುತ್ತಿದ್ದ ದಕ್ಷಿಣ ಇಂಗ್ಲೆಂಡಿನ ಕುಟುಂಬಗಳ ಮನೆಮಾತನ್ನು. ಬ್ರಿಟನ್ನಿನಲ್ಲೇ ಹಾಗೆ ಮಾತನಾಡುವವರು ಯಾವಾಗಲೂ ಬೆರಳೆಣಿಕೆಯವರು. ಅಲ್ಲಿನ ಲಿವರ್‌ಪೂಲಿನವನಿಗೂ ಗ್ಲಾಸ್ಗೋದವನಿಗೂ ಇಲ್ಲದ ಹಂಗು ನಮ್ಮ ರಾಮನಗರ, ಶಿಡ್ಲಘಟ್ಟದ ಮಕ್ಕಳಿಗೆ.

ಕಾಗುಣಿತದ ಕಥೆ ಇನ್ನೂ ಚೆಂದ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಅದೇ ಹೊತ್ತಿನಲ್ಲಿ ಜನರ ಬಾಯಲ್ಲಿ ದೀರ್ಘಸ್ವರಗಳು ಜಾರುತ್ತಾ ಹೋದವು. ಬರಹ ಒಂದು ದಡ, ಮಾತು ಒಂದು ದಡ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಕೂತಿರುವ ‘ಬಿ’ ಅಕ್ಷರ ಇಂಗ್ಲಿಷರ ನಾಲಿಗೆಯ ಮೇಲೆ ಎಂದೂ ಇರಲಿಲ್ಲ. ಲ್ಯಾಟಿನ್ ಮೂಲವನ್ನು ತೋರಿಸಿಕೊಳ್ಳಲು ಪಂಡಿತರು ಆಮೇಲೆ ತುರುಕಿದ್ದು. ಬರೆದದ್ದನ್ನು ಬರೆದಂತೆಯೇ ಓದುವ ಲಿಪಿಯಲ್ಲಿ ಬೆಳೆದ ಹುಡುಗ ಅದನ್ನು ‘ಡೆಬ್ಟ್’ ಎಂದರೆ ನಾವು ನಗುತ್ತೇವೆ. ಒಣಜಂಭ ಮಾಡಿದವರು ಪಂಡಿತರು, ತಲೆ ತಗ್ಗಿಸುವವನು ಹುಡುಗ.

‘ವಾಷೆಡ್’ ಕೂಡ ಇದೇ ಜಾತಿಯದು. ಅದನ್ನು ತಿದ್ದಬಾರದು ಎನ್ನುತ್ತಿಲ್ಲ. ಭೂತಕಾಲ ತೋರಿಸಲು ಕೊನೆಗೆ ಸೇರುವ ಆ ‘ಇ’, ‘ಡಿ’ ಅಕ್ಷರಗಳು ಮೂರು ಬಗೆಯಲ್ಲಿ ನುಡಿಯುತ್ತವೆ: ‘ವಾಕ್ಟ್’, ‘ಪ್ಲೇಯ್ಡ್’, ‘ವಾಂಟಿಡ್’. ಧಾತು ಟ್ ಅಥವಾ ಡ್ ಧ್ವನಿಯಲ್ಲಿ ಮುಗಿದರೆ ಮಾತ್ರ ಇನ್ನೊಂದು ಉಚ್ಚಾರಾಂಶ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಹತ್ತು ನಿಮಿಷದ ಪಾಠ, ಮಕ್ಕಳು ಆಟದಂತೆ ಕಲಿಯುತ್ತಾರೆ. ಆದರೆ ಆ ಹತ್ತು ನಿಮಿಷ ಹುಡುಗಿಯ ಮಾತು ಮುಗಿದ ಮೇಲೆ ಬರಬೇಕು. ನಡುವೆ ಬಂದರೆ ಆಕೆಗೆ ದಕ್ಕುವುದು ‘ಬಾಯಿ ತೆರೆಯಬಾರದು’ ಎಂಬ ಪಾಠ ಒಂದೇ.

ಇದು ನನ್ನ ತಲೆಯಲ್ಲಿ ಹುಟ್ಟಿದ ತತ್ವವಲ್ಲ. ಇಂಗ್ಲಿಷ್ ಬೋಧನೆಯ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಓದಿದರೂ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಎದುರಾಗುತ್ತದೆ. ಬೆಂಗಳೂರಿನಲ್ಲಿ ಕೇಳಿ, ಫ್ಲೈಓವರ್ ಇರಬೇಕು ಎನ್ನುತ್ತಾರೆ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠವೇ ಇಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಲೆಕ್ಕ ಕೇಳುವುದು, ನಕಾಶೆ ಕೊಟ್ಟು ದಾರಿ ಕೇಳುವುದು. ಮಕ್ಕಳ ಗಮನವೆಲ್ಲ ಉತ್ತರದ ಮೇಲೆ, ಇಂಗ್ಲಿಷ್ ಅದಕ್ಕೊಂದು ದಾರಿ ಮಾತ್ರ. ತಪ್ಪು ಬಂದರೆ ಶಿಕ್ಷಕರು ಸರಿಯಾದ ರೂಪದಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಪಾಠ ನಿಲ್ಲಿಸಿ ತಪ್ಪಿನ ಮೆರವಣಿಗೆ ಮಾಡುತ್ತಿರಲಿಲ್ಲ. ಪವಾಡವೇನೂ ನಡೆಯಲಿಲ್ಲ. ಆಮೇಲೆ ಬೆರೆಟ್ಟಾ ಮತ್ತು ಡೇವಿಸ್ ಎಂಬ ಸಂಶೋಧಕರು ಈ ಮಕ್ಕಳನ್ನು ಎಂದಿನ ಪಾಠ ಕೇಳಿದ ಮಕ್ಕಳ ಜೊತೆ ಹೋಲಿಸಿ ಮೌಲ್ಯಮಾಪನ ಮಾಡಿದಾಗ, ಯಾರು ಯಾವ ಬಗೆಯಲ್ಲಿ ಕಲಿತಿದ್ದರೋ ಆ ಬಗೆಯ ಪರೀಕ್ಷೆಯಲ್ಲಿ ಅವರೇ ಮುಂದಿದ್ದರು. ಆದರೆ ಸಂದರ್ಭದೊಳಗೆ ವ್ಯಾಕರಣ ಬಳಸುವುದರಲ್ಲೂ ಉಕ್ತಲೇಖನದಲ್ಲೂ ಮುಂದೆ ಬಂದವರು, ವ್ಯಾಕರಣದ ಪಾಠವನ್ನೇ ಕೇಳದ ಈ ಮಕ್ಕಳು. ಪ್ರಪಂಚ ಇದರಿಂದ ಕಲಿತು ಟಾಸ್ಕ್ ಆಧಾರಿತ ಬೋಧನೆ ಎಂದು ದೊಡ್ಡ ಮರವನ್ನೇ ಬೆಳೆಸಿತು. ನಾವು ಪ್ರೊಜೆಕ್ಟರ್ ಕೊಂಡೆವು.

ಪದಸಂಪತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ರಕ್ತದೊತ್ತಡ ಏರುತ್ತದೆ. ನಿನ್ನೆ ಹಂಚಿದ ‘ಪವರ್ ವರ್ಡ್ಸ್’ ಹಾಳೆಯ ಮೊದಲ ಪದ ‘ಪರ್ಸ್ಪಿಕೇಷಿಯಸ್’. ಢಾಕಾದಲ್ಲಿ ಶಿಕ್ಷಕರ ಕಾಲೇಜು ನಡೆಸಿದ ಮೈಕಲ್ ವೆಸ್ಟ್, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತಾ ಕಲಿಸುತ್ತಾ, ಕೊನೆಗೆ 1953ರಲ್ಲಿ ಸುಮಾರು 2000 ಬಳಕೆಯ ಪದಗಳ ಪಟ್ಟಿ ಪ್ರಕಟಿಸಿದರು. ದಿನನಿತ್ಯದ ಓದಿನ ಬಹುಪಾಲು ಅಷ್ಟರಲ್ಲೇ ಸಾಗುತ್ತದೆ. ‘ಗೆಟ್’, ‘ಟೇಕ್’, ‘ಪುಟ್’ ಎಂಬ ಸಣ್ಣವನ್ನು ಹತ್ತು ಕಡೆ ತಿರುಗಿಸಿ ಬಳಸಬಲ್ಲ ಹುಡುಗನಿಗೆ ಆ ಉದ್ದನೆಯ ಪದ ಯಾವ ಜನ್ಮದಲ್ಲಿ ಬೇಕಾಗುತ್ತದೆ?

ಗೊತ್ತು, ಈಗ ಕೆಲವರು ಬರುತ್ತೀರಿ. ‘ಮೇಡಂ, ನಿಮ್ಮ ಆದರ್ಶ ಚೆನ್ನಾಗಿದೆ, ಸಂದರ್ಶನದಲ್ಲಿ ಮಾತ್ರ ಅವರು ಉಚ್ಚಾರಣೆಯನ್ನೇ ನೋಡುತ್ತಾರೆ. ಇಲ್ಲಿ ನಗಿಸಿಕೊಂಡರೆ ಅಲ್ಲಿ ನಗಿಸಿಕೊಳ್ಳುವುದು ತಪ್ಪುತ್ತದೆ.’ ನೋಡುತ್ತಾರೆ, ಇಲ್ಲ ಎನ್ನುವುದಿಲ್ಲ. ನೋಡಲು ಆಕೆ ಅಲ್ಲಿ ಬಾಯಿ ತೆರೆಯಬೇಕಲ್ಲ? ಯಕಾರ ಸೇರಿಸಿ ಮಾತನಾಡಿ ಕೆಲಸ ಹಿಡಿದ ನನ್ನ ಹಳೆಯ ವಿದ್ಯಾರ್ಥಿಗಳು ಈ ಗೋಡೆಯ ಮೇಲೆಯೇ ಇದ್ದಾರೆ. ಸುಮ್ಮನೆ ಕುಳಿತು ಕೆಲಸ ಹಿಡಿದವರನ್ನು ನಾನಿನ್ನೂ ಕಂಡಿಲ್ಲ. ಇನ್ನು ‘ನಗಿಸಿಕೊಂಡರೆ ಗಟ್ಟಿಯಾಗುತ್ತಾರೆ’ ಎನ್ನುವವರಿಗೆ ಉತ್ತರ ಕೊಡುವಷ್ಟು ತಾಳ್ಮೆ ಇವತ್ತು ನನ್ನಲ್ಲಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ನನಗೆ ಈಗಲೂ ಫೋನಿನಲ್ಲಿ ಇಂಗ್ಲಿಷ್ ಮಾತನಾಡಬೇಕಾದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಎಂ.ಎ. ಇದೆ, ಇಷ್ಟು ವರ್ಷದ ಪಾಠ ಇದೆ. ಆದರೂ ಯಾರೋ ತರಗತಿಯಲ್ಲಿ ಹೆಸರು ಕರೆದ ಹಾಗಾಗುತ್ತದೆ. ಮನೆಯಲ್ಲಿ ನನ್ನ ಮಗ ಇದನ್ನು ಅನುಕರಿಸಿ ತೋರಿಸುತ್ತಾನೆ. ಆದ್ದರಿಂದಲೇ ಮಕ್ಕಳು ಮೊಬೈಲಿನ ಆ್ಯಪ್ ಜೊತೆ ರಾತ್ರಿ ಹೊದಿಕೆಯೊಳಗೆ ಇಂಗ್ಲಿಷ್ ಆಡುತ್ತಾರೆ ಎಂದು ಸಹೋದ್ಯೋಗಿಗಳು ಗೊಣಗಿದರೆ ನಾನು ಸೇರುವುದಿಲ್ಲ. ಆ ಯಂತ್ರಕ್ಕೂ ರೇಷ್ಮೆಹುಳುವಿನ ಕಥೆ ಬೇಕಿಲ್ಲ, ನಿಜ. ಕನಿಷ್ಠ ಪಕ್ಷ ಅದು ಸಭೆ ಸೇರಿಸಿ ನಗುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅಂದರೆ ಪದವಿಯ ಕೊನೆಯ ವರ್ಷಕ್ಕೆ ಬಂದ ಈ ಹುಡುಗಿಯ ಹಿಂದೆ ಸುಮಾರು 14 ವರ್ಷಗಳ ಇಂಗ್ಲಿಷ್ ಪಾಠ ಇದೆ. ಬಿಟ್ಟ ಸ್ಥಳ ತುಂಬಿದ್ದಾಳೆ, ಹೊಂದಿಸಿ ಬರೆದಿದ್ದಾಳೆ, ಕರ್ತರಿಯನ್ನು ಕರ್ಮಣಿಗೆ ತಿರುಗಿಸಿದ್ದಾಳೆ. ಅಷ್ಟು ವರ್ಷಗಳಲ್ಲಿ ಆಕೆಗೆ ಗೊತ್ತಿರುವ, ಕೇಳುವವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳು ಎಂದು ಯಾರಾದರೂ ಕೇಳಿದ್ದರೇ? ನಿನ್ನೆ ಆಕೆ ಯಾರೂ ಕೇಳದೆಯೇ ಹೇಳಲು ಹೊರಟಿದ್ದಳು.

ಪ್ರಾಂಶುಪಾಲರಿಗೆ ಹೇಳಿದ್ದೇನೆ, ಮುಂದಿನ ವಾರ ಒಂದು ಮಧ್ಯಾಹ್ನ ನನಗೆ ಕೊಡಿ ಎಂದು. ರೈಲಿನ ವೇಳಾಪಟ್ಟಿ ಒಯ್ಯುತ್ತೇನೆ; ಹುಬ್ಬಳ್ಳಿಯಿಂದ ಹೊರಟು, ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಕತ್ತಲಾಗುವ ಮೊದಲು ಮೈಸೂರು ಸೇರುವುದು ಹೇಗೆಂದು ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡಲಿ. ಅವರು ಒಪ್ಪಿದರು. ‘ಪಿಪಿಟಿ ಮೊದಲೇ ಕಳುಹಿಸಿಬಿಡಿ ಮೇಡಂ’ ಎಂದರು. ಪಿಪಿಟಿ ಇಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಸರ್ಟಿಫಿಕೇಟಿನಲ್ಲಿ ಏನೆಂದು ಬರೆಸುವುದು?’ ಎಂದು ಕೇಳಿದ್ದಾರೆ. ಸಲಹೆ ಇದ್ದವರು ಕೆಳಗೆ ಹಾಕಿ.